ರಕ್ತಕ್ಕೆ ಕ್ಲಾರೆಟ್ ಎಂದವರು

1750ರ ಏಪ್ರಿಲ್ 11. ಲಂಡನ್ನಿನ ಆಕ್ಸ್‌ಫರ್ಡ್ ರಸ್ತೆಯ ಪಕ್ಕದ ರಂಗಶಾಲೆ. ಮರದ ಅಟ್ಟಣೆಯ ಮೇಲೆ ಜ್ಯಾಕ್ ಬ್ರೌಟನ್ ಎಂಬ ಹೆಸರಾಂತ ಗುದ್ದಾಟಗಾರ ಕೈಗಳನ್ನು ಗಾಳಿಯಲ್ಲಿ ಬೀಸುತ್ತ ತಡವರಿಸುತ್ತಿದ್ದ. ನಾರಿಚ್ ಊರಿನ ಜ್ಯಾಕ್ ಸ್ಲ್ಯಾಕ್ ಎಂಬ ಕಟುಕ ಎರಡು ಹುಬ್ಬುಗಳ ನಡುವೆ ಬಿಗಿದ ಒಂದೇ ಗುದ್ದಿಗೆ ಅವನ ಮುಖ ಊದಿ ಕಣ್ಣುಗಳು ಮುಚ್ಚಿಹೋಗಿದ್ದವು. ಕೆಳಗೆ ಕುಳಿತಿದ್ದ ಕಂಬರ್ಲೆಂಡ್ ಡ್ಯೂಕ್‌ಗೆ ತಡೆಯಲಾಗಲಿಲ್ಲ. ರಾಜ ಎರಡನೆಯ ಜಾರ್ಜನ ಮಗನಾದ ಅವನು ಬ್ರೌಟನ್ನನ ಪೋಷಕ. ತನ್ನ ಆಳಿನ ಮೇಲೆ ಹತ್ತಕ್ಕೆ ಒಂದರ ಲೆಕ್ಕದಲ್ಲಿ ಬಾಜಿ ಕಟ್ಟಿದ್ದ. "ಏನಯ್ಯಾ ಬ್ರೌಟನ್, ಸೋತುಹೋದೆಯಾ?" ಎಂದು ಕೂಗಿದ. "ಕಣ್ಣು ಕಾಣಿಸ್ತಿಲ್ಲ ಪ್ರಭು, ಸೋತಿಲ್ಲ. ಅವನ ಎದುರಿಗೆ ನನ್ನನ್ನು ತಂದು ನಿಲ್ಲಿಸಿ ಸಾಕು" ಎಂದನಂತೆ ಬ್ರೌಟನ್. ಹದಿನಾಲ್ಕು ನಿಮಿಷಕ್ಕೆಲ್ಲ ಪಂದ್ಯ ಮುಗಿಯಿತು. ಡ್ಯೂಕ್ ಕಳೆದುಕೊಂಡದ್ದು 10,000 ಪೌಂಡ್ ಎಂದು ಹೇಳುತ್ತಾರೆ. ಕಲೊಡೆನ್ ಕದನದ ಕ್ರೌರ್ಯಕ್ಕಾಗಿ 'ಕಟುಕ' ಎಂಬ ಅಡ್ಡಹೆಸರು ಪಡೆದಿದ್ದ ಡ್ಯೂಕನಿಗೆ ನಿಜವಾದ ಕಟುಕನೊಬ್ಬ ಕೊಟ್ಟ ಏಟು ಅದು. ಬ್ರೌಟನ್ ಬೇಕೆಂದೇ ಸೋತ ಎಂಬ ಸಂಶಯ ಡ್ಯೂಕನ ತಲೆಯಿಂದ ಹೋಗಲಿಲ್ಲ. ಸ್ವಲ್ಪ ದಿನಕ್ಕೆ ರಂಗಶಾಲೆಗೂ ಬೀಗ ಬಿತ್ತು.

ಬರಿಗೈ ಗುದ್ದಾಟದ ಚರಿತ್ರೆಯನ್ನು ಶೌರ್ಯದ ಚರಿತ್ರೆ ಎಂದು ಬರೆದವರು ಬಹಳ ಜನ. ನನಗೆ ಅದು ಮೊದಲಿಗೆ ದುಡ್ಡಿನ ಚರಿತ್ರೆಯಾಗಿ ಕಾಣುತ್ತದೆ. ಆ ಆಟದ ನಿಯಮ ಹುಟ್ಟಿದ್ದು ಬಾಜಿಯಿಂದ, ಅದರ ಭಾಷೆ ಬೆಳೆದದ್ದು ಬಾಜಿ ಕಟ್ಟಿದವರ ನಡುವೆ.

ಇಂಗ್ಲೆಂಡಿನ ಪತ್ರಿಕೆಯೊಂದರಲ್ಲಿ ಗುದ್ದಾಟದ ಸುದ್ದಿ ಮೊದಲು ಬಂದದ್ದು 1681ರ ಜನವರಿಯಲ್ಲಿ. ಆಲ್ಬಮಾರ್ಲ್ ಡ್ಯೂಕನ ಮನೆಯ ಆಳು ಮತ್ತು ಅವನ ಕಟುಕ ಡ್ಯೂಕನ ಎದುರಿಗೇ ಗುದ್ದಾಡಿದರು, ಕುಳ್ಳನಾದರೂ ಕಟುಕನೇ ಗೆದ್ದ ಎಂಬಷ್ಟೇ ಸುದ್ದಿ. ಆಡುವವರು ಆಳುಗಳು, ನೋಡುವವರು ಧಣಿಗಳು. ಮುಂದಿನ ಎರಡು ಶತಮಾನ ಈ ಏರ್ಪಾಟು ಹೆಚ್ಚು ಬದಲಾಗಲಿಲ್ಲ.

1719ರಲ್ಲಿ ಆಕ್ಸ್‌ಫರ್ಡ್‌ಷೈರ್‌ನ ತೇಮ್ ಊರಿನ ಜೇಮ್ಸ್ ಫಿಗ್ ಲಂಡನ್ನಿನಲ್ಲಿ ಒಂದು ರಂಗಶಾಲೆ ತೆರೆದ. ಫಿಗ್‌ನನ್ನು ಬಾಕ್ಸಿಂಗಿನ ಮೂಲಪುರುಷ ಎನ್ನುವುದು ವಾಡಿಕೆ. ನಿಜವಾಗಿ ಅವನು ಕತ್ತಿ ಮತ್ತು ದೊಣ್ಣೆಯ ಮೇಷ್ಟ್ರು. ಗುದ್ದಾಟ ಅವನ ಅಂಗಡಿಯಲ್ಲಿ ಸಿಗುತ್ತಿದ್ದ ಮೂರನೆಯ ಸರಕು. ಆ ಕಾಲದಲ್ಲಿ ಹೆಂಗಸರೂ ಅಟ್ಟಣೆ ಹತ್ತುತ್ತಿದ್ದರು. 1722ರಲ್ಲಿ ಕ್ಲರ್ಕನ್‌ವೆಲ್‌ನ ಎಲಿಜಬೆತ್ ವಿಲ್ಕಿನ್ಸನ್, ಮಾತಿಗೆ ಮಾತು ಬೆಳೆಸಿದ್ದ ಹ್ಯಾನಾ ಹೈಫೀಲ್ಡ್ ಎಂಬಾಕೆಗೆ ಪತ್ರಿಕೆಯಲ್ಲೇ ಸವಾಲು ಹಾಕಿದಳು. ಪಣ ಮೂರು ಗಿನಿ. ಷರತ್ತು ಸ್ವಾರಸ್ಯವಾದದ್ದು: ಇಬ್ಬರೂ ಎರಡೂ ಕೈಯಲ್ಲಿ ಒಂದೊಂದು ಅರ್ಧ ಕ್ರೌನ್ ನಾಣ್ಯ ಹಿಡಿದಿರಬೇಕು, ಯಾರ ನಾಣ್ಯ ಮೊದಲು ಕೆಳಗೆ ಬೀಳುತ್ತದೋ ಅವರು ಸೋತಂತೆ. ಮುಷ್ಟಿ ಬಿಚ್ಚಿ ಉಗುರಿನಿಂದ ಪರಚುವುದಕ್ಕೆ, ಜುಟ್ಟು ಹಿಡಿಯುವುದಕ್ಕೆ ಇದರಿಂದ ತಡೆ. ಇಷ್ಟು ಸರಳವಾಗಿ, ಇಷ್ಟು ಜಾಣತನದಿಂದ ಮಾಡಿದ ನಿಯಮ ಗಂಡಸರ ಆಟಕ್ಕೆ ಆಗಿನ್ನೂ ಇರಲಿಲ್ಲ.

ಅದು ಬಂದದ್ದು 1743ರಲ್ಲಿ, ನಾವು ಮೊದಲು ಕಂಡ ಬ್ರೌಟನ್ನನ ಕೈಯಿಂದ. ಥೇಮ್ಸ್ ನದಿಯಲ್ಲಿ ದೋಣಿ ನಡೆಸುತ್ತಿದ್ದವನು ಬ್ರೌಟನ್. ಎರಡು ವರ್ಷ ಹಿಂದೆ ಜಾರ್ಜ್ ಸ್ಟೀವನ್‌ಸನ್ ಎಂಬ ಗಾಡಿಕಾರನನ್ನು ಹೊಡೆದು ಸೋಲಿಸಿದ್ದ. ಆ ಏಟಿನಿಂದ ಸ್ಟೀವನ್‌ಸನ್ ಸತ್ತ. ಆ ಸಾವಿನ ಪಶ್ಚಾತ್ತಾಪದಿಂದ ಬ್ರೌಟನ್ ನಿಯಮ ಬರೆದನೆಂಬ ಕಥೆ ಪುಸ್ತಕಗಳಲ್ಲಿ ಬಹಳ ಓಡಾಡಿದೆ. ಇರಬಹುದು. ಆದರೆ ನಿಯಮಗಳನ್ನು ಒಮ್ಮೆ ಓದಿದರೆ ಅಲ್ಲಿ ಕರುಣೆಗಿಂತ ಲೆಕ್ಕವೇ ಜಾಸ್ತಿ.

ಅಟ್ಟಣೆಯ ನಡುವೆ ಸೀಮೆಸುಣ್ಣದಲ್ಲಿ ಒಂದು ಗಜದ ಚೌಕ ಬರೆಯಬೇಕು. ಒಬ್ಬ ಬಿದ್ದರೆ ಆ ಸುತ್ತು ಮುಗಿಯಿತು. ಅರ್ಧ ನಿಮಿಷದೊಳಗೆ ಅವನ ಕಡೆಯವನು ಅವನನ್ನು ಎಬ್ಬಿಸಿ ಚೌಕದ ಅಂಚಿಗೆ ತಂದು ನಿಲ್ಲಿಸಬೇಕು, ಆಗದಿದ್ದರೆ ಸೋಲು. ಬಿದ್ದವನಿಗೆ ಹೊಡೆಯುವಂತಿಲ್ಲ, ಮಂಡಿಯೂರಿದವನೂ ಬಿದ್ದವನ ಲೆಕ್ಕವೇ. ಸೊಂಟದ ಕೆಳಗೆ ಹಿಡಿಯುವಂತಿಲ್ಲ. ಇಷ್ಟಾದ ಮೇಲೆ ಉಳಿದವೆಲ್ಲ ಹಣದ ಮಾತು. ಸಂಗ್ರಹದ ಮೂರರಲ್ಲಿ ಎರಡು ಪಾಲು ಗೆದ್ದವನಿಗೆ, ಅದನ್ನು ಅಟ್ಟಣೆಯ ಮೇಲೆ ಎಲ್ಲರೆದುರಿಗೇ ಹಂಚಬೇಕು. ಸೇರಿದ ದೊಡ್ಡವರ ಪೈಕಿ ಇಬ್ಬರು ಅಂಪೈರ್‌ಗಳನ್ನು ಆರಿಸಬೇಕು, ಅವರಿಬ್ಬರಲ್ಲಿ ಒಮ್ಮತ ಬರದಿದ್ದರೆ ಅವರೇ ಮೂರನೆಯವನನ್ನು ಕರೆಯಬೇಕು. ಮರುವರ್ಷ, 1744ರಲ್ಲಿ, ಕ್ರಿಕೆಟ್ಟಿನ ಮೊದಲ ಲಿಖಿತ ನಿಯಮಗಳು ಬಂದಾಗ ಅಲ್ಲೂ ಅಂಪೈರ್ ಇದ್ದ. ಎರಡು ಆಟಕ್ಕೂ ಒಂದೇ ಅಗತ್ಯ ಒದಗಿತ್ತು. ಸಾವಿರಾರು ಪೌಂಡಿನ ಬಾಜಿ ಕೈಬದಲಾಗುವ ಕಡೆ 'ಗೆದ್ದವರು ಯಾರು' ಎನ್ನುವುದರಲ್ಲಿ ತಕರಾರು ಇರಬಾರದು.

ಬ್ರೌಟನ್ ಇನ್ನೊಂದು ಕೆಲಸವನ್ನೂ ಮಾಡಿದ. 1747ರಲ್ಲಿ ಹೇಮಾರ್ಕೆಟ್‌ನಲ್ಲಿ ಗುದ್ದಾಟದ ಶಾಲೆ ತೆರೆದು, ಕಣ್ಣು ಕಪ್ಪಾಗುವ, ದವಡೆ ಮುರಿಯುವ, ಮೂಗಿನಲ್ಲಿ ರಕ್ತ ಬರುವ ಭಯವಿಲ್ಲದಂತೆ ಮೆತ್ತನೆಯ ಕೈಗವಸು ಹಾಕಿ ಕಲಿಸಲಾಗುವುದು ಎಂದು ಜಾಹೀರಾತು ಕೊಟ್ಟ. ಕೈಗವಸು ಯಾರಿಗೆ? ಶ್ರೀಮಂತ ಶಿಷ್ಯರಿಗೆ. ಅಟ್ಟಣೆಯ ಮೇಲೆ ಹಣಕ್ಕೆ ಹೊಡೆದಾಡುವವರಿಗೆ ಬರಿಗೈಯೇ ಗತಿ. 1789ರಲ್ಲಿ ಬ್ರೌಟನ್ ತೀರಿಕೊಂಡಾಗ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯ ಮೊಗಸಾಲೆಯಲ್ಲಿ ಅವನನ್ನು ಹೂಳಿದರು. ಅವನ ವೃತ್ತಿ ಹೇಳುವ ಮಾತಿಗೆಂದು ಕಲ್ಲಿನ ಮೇಲೆ ಬಿಟ್ಟಿದ್ದ ಜಾಗ ಸುಮಾರು ಇನ್ನೂರು ವರ್ಷ ಖಾಲಿಯೇ ಇತ್ತು. ಅಕ್ಷರ ಕೊರೆದದ್ದು 1988ರಲ್ಲಿ.

ಡ್ಯೂಕನ ಸೋಲಿನ ನಂತರ ಮೂರು ದಶಕ ಆಟ ಬಹಳ ಮಂಕಾಯಿತು. ಮತ್ತೆ ಅದಕ್ಕೆ ಜೀವ ಬಂದದ್ದು ಲಂಡನ್ನಿನ ಯಹೂದಿ ಯುವಕ ಡೇನಿಯಲ್ ಮೆಂಡೋಜಾನಿಂದ. ಎತ್ತರ ಐದಡಿ ಏಳಂಗುಲ, ತೂಕ 73 ಕಿಲೊ ಆಸುಪಾಸು. ಅಲ್ಲಿಯವರೆಗೆ ಇಬ್ಬರು ಎದುರೆದುರು ಬೇರುಬಿಟ್ಟಂತೆ ನಿಂತು ಒಬ್ಬರ ಏಟನ್ನು ಇನ್ನೊಬ್ಬರು ತಿನ್ನುವುದೇ ಗಂಡಸುತನವಾಗಿತ್ತು. ಮೆಂಡೋಜಾ ಕಾಲು ಆಡಿಸಿದ, ಪಕ್ಕಕ್ಕೆ ಸರಿದ, ಏಟು ತಡೆದ. ಕೆಲವರಿಗೆ ಅದು ಹೇಡಿತನವಾಗಿ ಕಂಡಿತು. ರಿಚರ್ಡ್ ಹಂಫ್ರೀಸ್ ಜೊತೆ ಅವನ ಮೂರು ಕಾಳಗಗಳು ಇಡೀ ಇಂಗ್ಲೆಂಡಿನ ಮಾತಾದವು: 1788ರಲ್ಲಿ ಓಡಿಯಂನಲ್ಲಿ ಸೋತ, 1789ರಲ್ಲಿ ಸ್ಟಿಲ್ಟನ್‌ನಲ್ಲಿ, 1790ರಲ್ಲಿ ಡಾಂಕಾಸ್ಟರ್‌ನಲ್ಲಿ ಗೆದ್ದ. ಕಾಳಗಗಳ ನಡುವಿನ ತಿಂಗಳುಗಳಲ್ಲಿ ಇಬ್ಬರೂ ಪತ್ರಿಕೆಗಳಲ್ಲಿ ಬಹಿರಂಗ ಪತ್ರ ಬರೆದು ಕೆಣಕಾಡಿದರು. ಪ್ರಚಾರದ ಈ ಉಪಾಯ ಇಂದಿನ ಪ್ರವರ್ತಕರ ಶೋಧನೆ ಎಂದುಕೊಂಡವರು ಆ ಪತ್ರಗಳನ್ನು ನೋಡಬೇಕು.

1795ರಲ್ಲಿ ಹಾರ್ನ್‌ಚರ್ಚ್‌ನಲ್ಲಿ ಜಾನ್ ಜಾಕ್ಸನ್ ಎಂಬ ದೃಢಕಾಯದವನು ಮೆಂಡೋಜಾನ ಉದ್ದ ಕೂದಲನ್ನು ಒಂದು ಕೈಯಲ್ಲಿ ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ಬಾರಿಸಿದ. ಸೊಂಟದ ಕೆಳಗೆ ಹಿಡಿಯಬಾರದು ಎಂದು ಬ್ರೌಟನ್ ಬರೆದಿದ್ದನೇ ಹೊರತು ಕೂದಲಿನ ಮಾತು ಎತ್ತಿರಲಿಲ್ಲ. ಹತ್ತೂವರೆ ನಿಮಿಷದಲ್ಲಿ ಮೆಂಡೋಜಾ ಸೋತ. ಅಲ್ಲಿಂದ ಮುಂದೆ ಗುದ್ದಾಟಗಾರರು ತಲೆ ಸಣ್ಣಗೆ ಕತ್ತರಿಸಿಕೊಳ್ಳತೊಡಗಿದರು. ಹೀಗೆ ಗೆದ್ದ ಮನುಷ್ಯನಿಗೆ ಊರು ಕೊಟ್ಟ ಬಿರುದು 'ಜೆಂಟಲ್‌ಮನ್ ಜಾಕ್ಸನ್'! ಓಲ್ಡ್ ಬಾಂಡ್ ಬೀದಿಯ ಅವನ ಶಾಲೆಗೆ ಕವಿ ಬೈರನ್ ಸೇರಿದಂತೆ ಅರ್ಧ ಶ್ರೀಮಂತ ಲಂಡನ್ ಬರುತ್ತಿತ್ತು.

ಇಷ್ಟೆಲ್ಲ ನಡೆಯುತ್ತಿದ್ದರೂ ಈ ಆಟ ಕಾನೂನಿನ ಕಣ್ಣಿನಲ್ಲಿ ಅಪರಾಧವೇ, ಶಾಂತಿಭಂಗದ ಲೆಕ್ಕ. ಆದರೆ ಮ್ಯಾಜಿಸ್ಟ್ರೇಟನ ಅಧಿಕಾರ ಅವನ ಕೌಂಟಿಯ ಗಡಿಗೆ ಮುಗಿಯುತ್ತಿತ್ತು. ಹಾಗಾಗಿ ಕಾಳಗ ಗೊತ್ತುಮಾಡುತ್ತಿದ್ದುದೇ ಗಡಿಯಂಚಿನಲ್ಲಿ. ಲೆಸ್ಟರ್, ರಟ್ಲೆಂಡ್, ಲಿಂಕನ್ ಮೂರು ಸೀಮೆ ಕೂಡುವ ತಿಸಲ್‌ಟನ್ ಗ್ಯಾಪ್ ಅಂಥದ್ದೊಂದು ಜಾಗ. ಕರಾವಳಿಯ ಕಡೆ ಕೋಳಿ ಅಂಕ ನಡೆಸುವವರಿಗೆ ಈ ಉಪಾಯ ಹೇಳಿಕೊಡಬೇಕಾಗಿಲ್ಲ. ಜಾಗದ ಗುಟ್ಟು ಹಿಂದಿನ ರಾತ್ರಿ ಹೆಂಡದಂಗಡಿಗಳಲ್ಲಿ ಬಾಯಿಂದ ಬಾಯಿಗೆ ಹೋಗುತ್ತಿತ್ತು, ಬೆಳಗಾಗುವ ಮೊದಲು ಗಾಡಿ, ಕುದುರೆ, ಕಾಲ್ನಡಿಗೆ ಎಲ್ಲವೂ ಅತ್ತ ಹೊರಡುತ್ತಿದ್ದವು. ಈ ಜನಸ್ತೋಮಕ್ಕೆ, ಡ್ಯೂಕನಿಂದ ಜೇಬುಗಳ್ಳನವರೆಗೆ ಎಲ್ಲರಿಗೂ ಸೇರಿ, 'ದಿ ಫ್ಯಾನ್ಸಿ' ಎಂದು ಹೆಸರು.

1811ರ ಸೆಪ್ಟೆಂಬರ್ 28ರಂದು ತಿಸಲ್‌ಟನ್ ಗ್ಯಾಪ್‌ಗೆ ಹದಿನೈದು ಇಪ್ಪತ್ತು ಸಾವಿರ ಜನ ಬಂದಿದ್ದರು. ಒಂದು ಕಡೆ ಟಾಮ್ ಕ್ರಿಬ್, ಕಲ್ಲಿದ್ದಲು ಹೊರುತ್ತಿದ್ದವನು. ಇನ್ನೊಂದು ಕಡೆ ಟಾಮ್ ಮೊಲಿನೊ, ಅಮೆರಿಕದಿಂದ ಬಂದ ಕಪ್ಪು ಜನಾಂಗದವನು, ಗುಲಾಮನಾಗಿ ಹುಟ್ಟಿದನೆಂದು ಪ್ರತೀತಿ. ಅವನನ್ನು ತಯಾರು ಮಾಡಿದವನು ಬಿಲ್ ರಿಚ್ಮಂಡ್, ನ್ಯೂಯಾರ್ಕಿನ ಸ್ಟಾಟನ್ ದ್ವೀಪದಲ್ಲಿ ಹುಟ್ಟಿ, ಯಾರ್ಕ್‌ನಲ್ಲಿ ಬಡಗಿ ಕೆಲಸ ಕಲಿತು, ಲಂಡನ್ನಿನಲ್ಲಿ ಹೆಂಡದಂಗಡಿ ಇಟ್ಟಿದ್ದ ಇನ್ನೊಬ್ಬ ಕಪ್ಪು ಗುದ್ದಾಟಗಾರ. ಹಿಂದಿನ ಡಿಸೆಂಬರ್‌ನಲ್ಲಿ ಸುರಿಯುವ ಮಳೆಯಲ್ಲಿ ಇವರಿಬ್ಬರ ಮೊದಲ ಕಾಳಗ ನಡೆದಿತ್ತು. ಮೊಲಿನೊ ಮೇಲುಗೈ ಸಾಧಿಸುತ್ತಿದ್ದಾಗ ಜನ ಹಗ್ಗ ದಾಟಿ ನುಗ್ಗಿದ್ದರು. ಮುಂದೆ ಕ್ರಿಬ್ ಅರ್ಧ ನಿಮಿಷದಲ್ಲಿ ಏಳಲಾಗದೆ ಬಿದ್ದಿದ್ದಾಗ ಅವನ ಕಡೆಯವನು, ಮೊಲಿನೊ ಮುಷ್ಟಿಯಲ್ಲಿ ಸೀಸದ ಗುಂಡು ಬಚ್ಚಿಟ್ಟಿದ್ದಾನೆ ಎಂದು ಗಲಾಟೆ ಎಬ್ಬಿಸಿ ಸಮಯ ಗಳಿಸಿಕೊಟ್ಟ ಎಂಬ ಕಥೆಯೂ ಇದೆ. ಸೋತ ಮೊಲಿನೊ ಪತ್ರಿಕೆಯ ಮೂಲಕ ಮತ್ತೊಂದು ಸವಾಲು ಕಳಿಸಿ, ತನ್ನ ಚರ್ಮದ ಬಣ್ಣ ತನಗೆ ಅಡ್ಡಿಯಾಗದಿರಲಿ ಎಂದು ಕೇಳಿಕೊಂಡ. ಆ ಸಾಲನ್ನು ಬರೆಯಬೇಕಾಗಿ ಬಂತಲ್ಲ, ಅದೇ ಮೊದಲ ಕಾಳಗದ ವರದಿ ಎನ್ನಬಹುದು.

ಎರಡನೆಯ ಕಾಳಗಕ್ಕೆ ಕ್ರಿಬ್‌ನನ್ನು ಕ್ಯಾಪ್ಟನ್ ಬಾರ್ಕ್ಲೇ ಎಂಬಾತ ಸ್ಕಾಟ್ಲೆಂಡಿಗೆ ಕರೆದೊಯ್ದು, ನಡೆಸಿ ಓಡಿಸಿ, ನೂರು ಕಿಲೊ ಮೀರಿದ್ದ ದೇಹವನ್ನು ಸುಮಾರು 85ಕ್ಕೆ ಇಳಿಸಿದ. ಮೊಲಿನೊಗೆ ಅಂಥ ಯಾವ ತಯಾರಿಯೂ ಸಿಗಲಿಲ್ಲ. ಹನ್ನೊಂದೇ ಸುತ್ತಿಗೆ, ದವಡೆ ಮುರಿದುಕೊಂಡು ಸೋತ. 1818ರಲ್ಲಿ ಐರ್ಲೆಂಡಿನ ಗಾಲ್ವೇ ಊರಿನಲ್ಲಿ ದಿಕ್ಕಿಲ್ಲದೆ ಸತ್ತ.

ಇನ್ನು ಭಾಷೆಯ ಮಾತು. ಫ್ಯಾನ್ಸಿಯ ನುಡಿಯನ್ನು ಕಾಗದಕ್ಕಿಳಿಸಿದವನು ಪಿಯರ್ಸ್ ಈಗನ್ ಎಂಬ ಪತ್ರಕರ್ತ. 1812ರಿಂದ ಬಿಡಿ ಸಂಚಿಕೆಗಳಾಗಿ, ಆಮೇಲೆ ಸಂಪುಟಗಳಾಗಿ ಹೊರಬಂದ ಅವನ 'ಬಾಕ್ಸಿಯಾನಾ'ದಲ್ಲಿ ಯಾರೂ ಮೂಗಿಗೆ ಹೊಡೆಯುವುದಿಲ್ಲ, ಯಾರಿಗೂ ರಕ್ತ ಬರುವುದಿಲ್ಲ. ರಕ್ತಕ್ಕೆ 'ಕ್ಲಾರೆಟ್' ಎಂದು ಹೆಸರು. ಅದು ಫ್ರಾನ್ಸಿನ ಬೋರ್ಡೋ ಕಡೆಯ ಕೆಂಪು ದ್ರಾಕ್ಷಾರಸ, ಸಾಹೇಬರ ಮೇಜಿನ ಪಾನೀಯ. ಮೂಗು ಆ ರಸದ ಹೂಜಿ. ಮೂಗಿಗೆ ಗುದ್ದಿದರೆ 'ಬಿರಡೆ ತೆಗೆದಂತೆ'. ಹೊಟ್ಟೆ 'ಬ್ರೆಡ್ ಬಾಸ್ಕೆಟ್', ರೊಟ್ಟಿಬುಟ್ಟಿ. ಬಾಯಿ 'ಪೊಟೇಟೊ ಟ್ರ್ಯಾಪ್', ಆಲೂಗಡ್ಡೆ ಹಿಡಿಯುವ ಬೋನು. ಹಲ್ಲು 'ಐವರೀಸ್', ದಂತದ ತುಂಡು. ಕಣ್ಣು 'ಪೀಪರ್ಸ್', ಇಣುಕುವವು. ಅವು ಊದಿ ಮುಚ್ಚಿದರೆ ಕಿಟಕಿಯ ಬೆಳಕು ಆರಿತು. ತಲೆ 'ನಾಲೆಡ್ಜ್ ಬಾಕ್ಸ್', ಜ್ಞಾನದ ಪೆಟ್ಟಿಗೆ. ಮುಷ್ಟಿ 'ಬಂಚ್ ಆಫ್ ಫೈವ್ಸ್', ಐದರ ಗೊಂಚಲು. ಧೈರ್ಯಕ್ಕೆ 'ಬಾಟಮ್' ಎನ್ನುತ್ತಿದ್ದರು. ಕುದುರೆಯ ಕಸುವನ್ನು ಅಳೆಯುವ ಪದ ಮನುಷ್ಯನಿಗೂ ಬಂದಿತ್ತು.

ಇವುಗಳಲ್ಲಿ ನನಗೆ ಅತ್ಯಂತ ಇಷ್ಟವಾದದ್ದು 'ಚಾನ್ಸರಿ'. ಎದುರಾಳಿಯ ತಲೆಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಇನ್ನೊಂದು ಕೈಯಲ್ಲಿ ಗುದ್ದುವ ಪಟ್ಟಿಗೆ 'ತಲೆ ಚಾನ್ಸರಿಗೆ ಹೋಯಿತು' ಎನ್ನುತ್ತಿದ್ದರು. ಚಾನ್ಸರಿ ಎಂದರೆ ಆಸ್ತಿವ್ಯಾಜ್ಯ ನಡೆಸುತ್ತಿದ್ದ ಲಂಡನ್ನಿನ ನ್ಯಾಯಾಲಯ. ಅಲ್ಲಿಗೆ ಹೋದ ದಾವೆ ತಲೆಮಾರು ಕಳೆದರೂ ಹೊರಗೆ ಬರುತ್ತಿರಲಿಲ್ಲ, ಬಂದರೂ ಕಕ್ಷಿದಾರನ ಕೈಯಲ್ಲಿ ಏನೂ ಉಳಿಯುತ್ತಿರಲಿಲ್ಲ. ಸಿವಿಲ್ ಕೋರ್ಟಿನ ಮೆಟ್ಟಿಲು ಸವೆಸಿದ ಯಾರಿಗಾದರೂ ಆ ಪಟ್ಟಿನ ಹಿಡಿತ ಎಂಥದ್ದೆಂದು ಕೂಡಲೇ ಅರ್ಥವಾದೀತು.

ಈ ನುಡಿ ಈಗನ್ನನ ಸ್ವಂತ ಸೃಷ್ಟಿಯಲ್ಲ. ಕಳ್ಳರು, ಗಾಡಿಕಾರರು, ಮೀನು ಮಾರುವವರು, ಕುದುರೆ ಲಾಯದವರು ಆಡುತ್ತಿದ್ದ 'ಫ್ಲ್ಯಾಶ್' ಎಂಬ ಗುಪ್ತನುಡಿಯ ತಳಹದಿ ಅದಕ್ಕಿತ್ತು. ಫ್ರಾನ್ಸಿಸ್ ಗ್ರೋಸ್ ಎಂಬಾತ 1785ರಲ್ಲೇ ಬೀದಿನುಡಿಯ ನಿಘಂಟು ತಂದಿದ್ದ. 1823ರಲ್ಲಿ ಅದನ್ನು ಪರಿಷ್ಕರಿಸಿ ಮತ್ತೆ ಪ್ರಕಟಿಸಿದವನು ಇದೇ ಈಗನ್. ಪೊಲೀಸರಿಗೆ ತಿಳಿಯದಿರಲೆಂದು ಹುಟ್ಟಿದ ಮಾತು ಈಗನ್ನನ ಕೈಗೆ ಬಂದು ಷೋಕಿಯ ಮಾತಾಯಿತು. ಅದನ್ನು ಆಡಬಲ್ಲ ಲಾರ್ಡ್ ತಾನೂ ಬೀದಿಯನ್ನು ಬಲ್ಲವನೆಂದು ಬೀಗುತ್ತಿದ್ದ. ಬೈರನ್ ತನ್ನ 'ಡಾನ್ ಜುವಾನ್' ಕಾವ್ಯದಲ್ಲೂ ಈ ನುಡಿಗೆ ಜಾಗ ಕೊಟ್ಟ.

ಓದಲು ಮಜವಾಗಿದೆ ಎಂಬುದನ್ನು ಒಪ್ಪುತ್ತೇನೆ. ಆದರೆ ಒಂದೇ ಸಲಕ್ಕೆ ನಲವತ್ತು ಪುಟ ಓದಿದರೆ ಮೈ ಜುಮ್ಮೆನ್ನುತ್ತದೆ. ಇದು ಏಟು ತಿಂದವನ ಭಾಷೆಯಲ್ಲ, ನೋಡಿದವನ ಭಾಷೆ. ಹೂಜಿ, ಬುಟ್ಟಿ, ಪೆಟ್ಟಿಗೆ, ಕಿಟಕಿ ಎಂದು ಮನುಷ್ಯನ ಮೈಯನ್ನು ಮನೆಯ ಸಾಮಾನಾಗಿ ಮಾಡಿದ ಮೇಲೆ ಅದು ಒಡೆದರೆ ಮರುಕ ಹುಟ್ಟುವುದಿಲ್ಲ. 'ಮೊದಲ ಕ್ಲಾರೆಟ್ ಯಾರದು' ಎಂಬುದರ ಮೇಲೆ ಪ್ರತ್ಯೇಕ ಬಾಜಿ ಇರುತ್ತಿತ್ತು. 'ಮೊದಲು ರಕ್ತ ಸುರಿಸುವವನು ಯಾರು' ಎಂದು ಬಾಜಿ ಕೂಗುವುದಕ್ಕೆ ಬಹುಶಃ ನಾಲಿಗೆ ಸ್ವಲ್ಪ ಹಿಂಜರಿಯುತ್ತಿತ್ತೇನೋ. ಏಟು ತಿಂದವನ ಭಾಷೆ ಬೇರೆ: ಸಾಲಕ್ಕಾಗಿ ಜೈಲು ಕಂಡ ಮೆಂಡೋಜಾ 1816ರಲ್ಲಿ ತನ್ನ ಕಥೆ ತಾನೇ ಬರೆದಾಗ ಅದರಲ್ಲಿ ಸಾಲಗಾರರ ಕಾಟ, ಊರೂರು ಅಲೆದಾಟವೇ ತುಂಬಿತು.

ಈಗನ್ನನಿಗಿಂತ ದೊಡ್ಡ ಬರಹಗಾರನೊಬ್ಬನೂ ಈ ಕಣಕ್ಕೆ ಬಂದ. 1821ರ ಡಿಸೆಂಬರ್ 11ರಂದು ಹಂಗರ್‌ಫರ್ಡ್ ಬಯಲಿನಲ್ಲಿ ಬ್ರಿಸ್ಟಲ್ಲಿನ ಕಟುಕ ಬಿಲ್ ನೀಟ್‌ಗೂ 'ಗ್ಯಾಸ್‌ಮನ್' ಎಂದು ಹೆಸರಾದ ಟಾಮ್ ಹಿಕ್‌ಮನ್‌ಗೂ ಕಾಳಗ. ಅದನ್ನು ನೋಡಲು ವಿಲಿಯಂ ಹ್ಯಾಝ್ಲಿಟ್ ಲಂಡನ್ನಿನಿಂದ ಟಪಾಲು ಗಾಡಿ ಹತ್ತಿ ಹೋದ. ದಾರಿಯ ಹೋಟೆಲಿನಲ್ಲಿ ಮಲಗಲು ಹಾಸಿಗೆಯೂ ಸಿಗದೆ ರಾತ್ರಿಯೆಲ್ಲ ಹರಟೆಯಲ್ಲಿ ಕಳೆದ. ಮರುವರ್ಷ ಫೆಬ್ರವರಿಯಲ್ಲಿ ಅಚ್ಚಾದ ಅವನ 'ದಿ ಫೈಟ್' ಪ್ರಬಂಧದಲ್ಲಿ ಅರ್ಧಕ್ಕೂ ಹೆಚ್ಚು ಪ್ರಯಾಣ, ಊಟ, ಮಾತುಕತೆಯೇ. ಆದರೆ ನೀಟ್‌ನ ಆ ಒಂದು ಏಟಿಗೆ ಹಿಕ್‌ಮನ್ ಹಿಂದಕ್ಕೆ ಬೀಳುವ ಕ್ಷಣ ಬಂದಾಗ ಹ್ಯಾಝ್ಲಿಟ್ ತಮಾಷೆ ಬಿಟ್ಟು, ಆ ಮುಖ ತಲೆಬುರುಡೆಯಂತೆ ಕಂಡಿತೆಂದು ನೇರವಾಗಿ ಬರೆದ. ಇಡೀ ಫ್ಯಾನ್ಸಿಯ ಸಾಹಿತ್ಯದಲ್ಲಿ ನಾನು ಉಳಿಸಿಕೊಳ್ಳಬಯಸುವುದು ಇದೊಂದನ್ನೇ.

ನಮ್ಮ ಪತ್ರಿಕೆಗಳ ಕ್ರೀಡಾಪುಟಕ್ಕೂ ಆ ಕಾಲದ ಚೂರುಗಳು ಬಂದಿವೆ. ಸುತ್ತಲೂ ಜನ ವೃತ್ತವಾಗಿ ನಿಂತು ಬಿಟ್ಟ ಜಾಗಕ್ಕೆ 'ರಿಂಗ್' ಎಂದರು. ಮುಂದೆ ಗೂಟ ನೆಟ್ಟು ಹಗ್ಗ ಕಟ್ಟಿ ಅದು ಚೌಕವಾದರೂ ಹೆಸರು ದುಂಡಗೇ ಉಳಿಯಿತು. ಸಮಯ ಕೂಗಿದಾಗ ಏಳಲಾಗದವನು 'ನಾಕ್ಡ್ ಔಟ್ ಆಫ್ ಟೈಮ್', ಸಮಯದಿಂದ ಹೊರಗೆ. ಅದರ ಮೋಟು ರೂಪವಾದ 'ನಾಕೌಟ್' ಇವತ್ತು ಕಬಡ್ಡಿ ಪಂದ್ಯಾವಳಿಯ ಹಂತಕ್ಕೂ ಹೆಸರು. ಗುದ್ದಾಟಗಾರನ ಮುಖ ಒರೆಸುವ ಸ್ಪಂಜನ್ನು ಅವನ ಕಡೆಯವನು ಮೇಲಕ್ಕೆ ಎಸೆದರೆ ಸೋಲೊಪ್ಪಿದಂತೆ. ಸ್ಪಂಜಿನ ಜಾಗಕ್ಕೆ ಟವೆಲ್ ಬಂದದ್ದು ಆಮೇಲೆ.

1838ರಲ್ಲಿ ಓವನ್ ಸ್ವಿಫ್ಟ್ ಎಂಬವನ ಕೈಯಲ್ಲಿ 'ಬ್ರೈಟನ್ ಬಿಲ್' ಎಂಬವನು ಸತ್ತ. ಆ ವರ್ಷವೇ ಹೊಸ ನಿಯಮಾವಳಿ ಬಂತು. 24 ಅಡಿಯ ಚೌಕ, ಎರಡು ಸಾಲು ಹಗ್ಗ. ಮೂವತ್ತು ಸೆಕೆಂಡ್ ವಿರಾಮದ ನಂತರ ಎಂಟು ಸೆಕೆಂಡಿನೊಳಗೆ ಯಾರ ಸಹಾಯವೂ ಇಲ್ಲದೆ ನಡುಗೆರೆಗೆ ನಡೆದು ಬರಬೇಕು. ಪ್ರಜ್ಞೆ ತಪ್ಪಿದವನನ್ನು ಕಂಕುಳಿಗೆ ಕೈ ಕೊಟ್ಟು ತಂದು ನಿಲ್ಲಿಸಿ ಮತ್ತೆ ಹೊಡೆಸುವುದು ಇದರಿಂದ ನಿಂತಿತು. ನೂರು ವರ್ಷದ ಚರಿತ್ರೆಯಲ್ಲಿ ನಿಜವಾದ ದಯೆ ಕಾಣುವ ನಿಯಮ ಅದೊಂದೇ.

ಕೊನೆಯ ದೊಡ್ಡ ಉತ್ಸವ 1860ರ ಏಪ್ರಿಲ್ 17ರಂದು, ಹ್ಯಾಂಪ್‌ಷೈರ್‌ನ ಫಾರ್ನ್‌ಬರೋದಲ್ಲಿ. ಇಂಗ್ಲೆಂಡಿನ ಗಾರೆ ಕೆಲಸದ ಟಾಮ್ ಸೇಯರ್ಸ್, ಐದಡಿ ಎಂಟಂಗುಲ. ಅಮೆರಿಕದ ಜಾನ್ ಹೀನನ್, ಆರಡಿ ಎರಡಂಗುಲ. ನಸುಕಿನಲ್ಲೇ ಲಂಡನ್ ಬ್ರಿಡ್ಜ್ ನಿಲ್ದಾಣದಿಂದ ವಿಶೇಷ ರೈಲುಗಳು ಹೊರಟವು. ಟಿಕೆಟಿನಲ್ಲಿ ಊರಿನ ಹೆಸರೇ ಇರಲಿಲ್ಲ. ಕೆಲವೇ ಸುತ್ತಿಗೆ ಸೇಯರ್ಸ್‌ನ ಬಲಗೈ ಏಟು ತಡೆದು ತಡೆದು ಕೆಲಸಕ್ಕೆ ಬಾರದಾಯಿತು. ಒಂಟಿ ಕೈಯಲ್ಲೇ ಎರಡು ಗಂಟೆಗೂ ಹೆಚ್ಚು ಕಾಲ ಕಾದಿ, ಹೀನನ್‌ನ ಕಣ್ಣುಗಳನ್ನು ಊದಿಸಿ ಹೆಚ್ಚುಕಡಿಮೆ ಕುರುಡನನ್ನಾಗಿ ಮಾಡಿದ. ಹೀನನ್ ಅವನ ಕುತ್ತಿಗೆಯನ್ನು ಹಗ್ಗಕ್ಕೆ ಒತ್ತಿ ಹಿಡಿದಾಗ ಯಾರೋ ಹಗ್ಗ ಕತ್ತರಿಸಿದರು, ಜನ ನುಗ್ಗಿದರು, ಪೊಲೀಸರೂ ಬಂದರು. ಪಂದ್ಯ ಸಮವೆಂದು ಸಾರಿ ಇಬ್ಬರಿಗೂ ಚಾಂಪಿಯನ್ನನ ಸೊಂಟಪಟ್ಟಿ ಕೊಟ್ಟರು. ಇನ್ನು ಕಣಕ್ಕಿಳಿಯಬಾರದೆಂಬ ಷರತ್ತಿನ ಮೇಲೆ ಸೇಯರ್ಸ್‌ಗೆ 3,000 ಪೌಂಡ್ ನಿಧಿ ಕೂಡಿತು. ಐದೇ ವರ್ಷಕ್ಕೆ, ಮೂವತ್ತೊಂಬತ್ತರ ಪ್ರಾಯದಲ್ಲಿ ಸತ್ತ. ಹೈಗೇಟ್ ಸ್ಮಶಾನದಲ್ಲಿ ಅವನ ಗೋರಿಯ ಮುಂದೆ ಅವನ ನಾಯಿ ಲಯನ್ ಕಲ್ಲಾಗಿ ಮಲಗಿದೆ.

1867ರಲ್ಲಿ ಜಾನ್ ಗ್ರಹಾಂ ಚೇಂಬರ್ಸ್ ಬರೆದು ಕ್ವೀನ್ಸ್‌ಬೆರಿ ಮಾರ್ಕ್ವಿಸನ ಹೆಸರಿನಲ್ಲಿ ಪ್ರಕಟವಾದ ನಿಯಮಗಳು ಕೈಗವಸು, ಮೂರು ನಿಮಿಷದ ಸುತ್ತು, ಹತ್ತು ಸೆಕೆಂಡಿನ ಎಣಿಕೆಯನ್ನು ತಂದವು. 1882ರಲ್ಲಿ ಇಂಗ್ಲೆಂಡಿನ ನ್ಯಾಯಾಧೀಶರು, ಇಬ್ಬರೂ ಒಪ್ಪಿ ಹೊಡೆದಾಡಿದರೂ ಹಣಕ್ಕಾಗಿ ನಡೆಯುವ ಬರಿಗೈ ಕಾಳಗ ಅಪರಾಧವೇ ಎಂದು ತೀರ್ಪಿತ್ತರು. ಗವಸಿನಿಂದ ಆಟ ಸಭ್ಯವಾಯಿತು ಎಂಬ ಮಾತನ್ನು ನಾನು ಪೂರ್ತಿ ನಂಬುವುದಿಲ್ಲ. ಬರಿಗೈಯವನು ತಲೆಬುರುಡೆಗೆ ಜೋರಾಗಿ ಗುದ್ದಿದರೆ ಮುರಿಯುವುದು ಅವನದೇ ಬೆರಳು. ಹಾಗಾಗಿ ಅವನು ಹುಷಾರಾಗಿ ಹೊಡೆಯುತ್ತಿದ್ದ. ಗವಸು ಕಾಪಾಡಿದ್ದು ಹೊಡೆಯುವವನ ಕೈಯನ್ನು, ಹೊಡೆಸಿಕೊಳ್ಳುವವನ ಮಿದುಳನ್ನಲ್ಲ.

ಹೆವಿವೇಟ್ ಪಟ್ಟಕ್ಕಾಗಿ ನಡೆದ ಕಟ್ಟಕಡೆಯ ಬರಿಗೈ ಕಾಳಗ ಅಮೆರಿಕದ ಮಿಸಿಸಿಪಿಯ ರಿಚ್‌ಬರ್ಗ್‌ನಲ್ಲಿ, 1889ರ ಜುಲೈ 8ರ ಸುಡುಬಿಸಿಲಿನಲ್ಲಿ. ಜಾನ್ ಎಲ್. ಸಲಿವನ್ ಎದುರು 75 ಸುತ್ತು ನಿಂತ ಜೇಕ್ ಕಿಲ್‌ರೇನ್ ಇನ್ನೊಂದು ಸುತ್ತಿಗೆ ಕಳಿಸಿದರೆ ಸಾಯುತ್ತಾನೆ ಎಂದು ಹೆದರಿ ಅವನ ಕಡೆಯವನು ಸ್ಪಂಜು ಎಸೆದ. ಗೆದ್ದ ಸಲಿವನ್‌ಗೆ ಮಿಸಿಸಿಪಿಯ ನ್ಯಾಯಾಲಯ ಕೊನೆಗೆ ಹಾಕಿದ ದಂಡ 500 ಡಾಲರ್.